ಇರಾನಿನ ಮನೆಯೊಳಗಿನ ಉಪಚಾರ, ಟೆಹರಾನಿನ ಗೋಡೆಚಿತ್ರಗಳು: ಹೋಗಿಬಂದವರ ಅನುಭವ

ಪ್ರಶ್ನೆ: ತಂಗಿಯೊಂದಿಗೆ ಇರಾನಿಗೆ ಹೋಗಬೇಕೆಂಬ ಆಸೆ ಬಹುಕಾಲದಿಂದ ಇದೆ. ಅಪರಿಚಿತರು ಮನೆಗೆ ಕರೆದರೆ ಒಪ್ಪಬಹುದೇ, ಟೆಹರಾನಿನ ರಾಜಕೀಯ ಗೋಡೆಚಿತ್ರಗಳನ್ನು ನೋಡುವಾಗ ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಧಾರವಾಡದಿಂದ ಒಬ್ಬರು: ನಾನು 2018ರ ಏಪ್ರಿಲ್‌ನಲ್ಲಿ ಮೂರು ವಾರ ಅಲ್ಲಿದ್ದೆ. ಹೊರಡುವ ಮುನ್ನ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಅವಶ್ಯವಾಗಿ ನೋಡಿಕೊಳ್ಳಿ. ಅನಂತರ ‘ತಾರೊಫ್’ ಎಂಬ ಅಲ್ಲಿನ ರೂಢಿಯನ್ನು ಅರಿತುಕೊಳ್ಳಿ. ಟ್ಯಾಕ್ಸಿಯವರಾಗಲಿ ಅಂಗಡಿಯವರಾಗಲಿ, ಹಣ ಕೊಡಲು ಹೋದಾಗ ‘ಗಾಬೆಲ್ ನದಾರೆ’ ಎನ್ನುತ್ತಾರೆ. ನಿಮ್ಮ ಮುಂದೆ ಇದೇನು ಮಹಾ ಎಂಬುದು ಅದರ ಭಾವ. ಅದು ಉಪಚಾರದ ಮಾತೇ ಹೊರತು ಹಣ ಬೇಡವೆಂದಲ್ಲ, ಆದ್ದರಿಂದ ಎರಡು ಮೂರು ಸಲ ಒತ್ತಾಯಿಸಿ ಕೊಡಬೇಕು. ಊಟದ ಕರೆಯೂ ಹಾಗೆಯೇ: ನೀವು ಮೂರು ಸಲ ನಯವಾಗಿ ಬೇಡವೆಂದ ಮೇಲೂ ವಿಳಾಸ ಬರೆದುಕೊಟ್ಟು ಹೊತ್ತು ಗೊತ್ತುಮಾಡಿದರೆ, ಅವರು ಮನಸಾರೆ ಕರೆಯುತ್ತಿದ್ದಾರೆ ಎಂದೇ ತಿಳಿಯಿರಿ. ‘ಸಾಕು, ಸಾಕು’ ಎನ್ನುತ್ತಲೇ ಎಲೆಗೆ ಬಡಿಸಿಕೊಳ್ಳುವ ನಮಗೆ ಇದು ಬೇಗ ಒಗ್ಗುತ್ತದೆ.

ಇಸ್ಫಹಾನಿನಲ್ಲಿ ಹಾಗೆ ಕರೆದ ನಿವೃತ್ತ ಶಿಕ್ಷಕ ದಂಪತಿ, ರತ್ನಗಂಬಳಿಯ ಮೇಲೆ ‘ಸೊಫ್ರೆ’ ಎಂಬ ಊಟದ ಬಟ್ಟೆಯನ್ನು ಹಾಸಿ, ಪಾತ್ರೆಯ ತಳದಲ್ಲಿ ಗರಿಗರಿಯಾಗಿ ಕೆಂಪೇರಿದ ಅನ್ನದ ‘ತಾದೀಗ್’ನ ದೊಡ್ಡ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ಮನೆಯವರೆಲ್ಲ ಆಸೆಪಡುವ ಪಾಲು ಅದು. ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರುವುದನ್ನು ಕಲಿಸಿದವರೂ ಅವರೇ. ಬರಿಗೈಯಲ್ಲಿ ಹೋಗಬೇಡಿ, ನಾನು ಒಯ್ದಿದ್ದ ಪೇಡೆಯನ್ನು ಅವರು ನೆರೆಮನೆಗೂ ಹಂಚಿದರು.

ಮೈಸೂರಿನಿಂದ ಒಬ್ಬರು: ಟೆಹರಾನಿನ ತಾಲೆಗಾನಿ ರಸ್ತೆಯಲ್ಲಿ ಹಳೆಯ ಅಮೆರಿಕನ್ ರಾಯಭಾರ ಕಚೇರಿಯಿದೆ. 1979ರ ನವೆಂಬರ್ 4ರಂದು ವಿದ್ಯಾರ್ಥಿಗಳು ಅದನ್ನು ವಶಪಡಿಸಿಕೊಂಡರು. 52 ಮಂದಿ 444 ದಿನ ಒತ್ತೆಯಾಳುಗಳಾಗಿದ್ದರು. ಸ್ವಾತಂತ್ರ್ಯದೇವಿಗೆ ತಲೆಬುರುಡೆಯ ಮುಖವಿಟ್ಟ ಪ್ರಸಿದ್ಧ ಚಿತ್ರ ಅದರ ಹೊರಗೋಡೆಯ ಮೇಲಿತ್ತು. 2019ರ ನವೆಂಬರಿನಲ್ಲಿ ಆ ಗೋಡೆಗೆ ಹೊಸ ಚಿತ್ರಗಳು ಬಂದವು. ಕರೀಂ ಖಾನ್ ಜಂದ್ ರಸ್ತೆಯ ಕಟ್ಟಡವೊಂದರ ಮೇಲೆ ಅಮೆರಿಕದ ಬಾವುಟದ ನಕ್ಷತ್ರಗಳು ಬುರುಡೆಗಳಾಗಿವೆ, ಪಟ್ಟೆಗಳು ಬೀಳುವ ಬಾಂಬುಗಳ ಹಾದಿಗಳಾಗಿವೆ. ಇವು ಆಳುವವರ ಮಾತುಗಳು. ದಾರಿಹೋಕರೆಲ್ಲರ ಮಾತುಗಳೆಂದು ಓದಿದರೆ ತಪ್ಪಾಗುತ್ತದೆ. ಆ ಬಾವುಟದ ಕೆಳಗೆ ನಿಂತಿದ್ದಾಗಲೇ, ವಿದೇಶಿಯನೆಂದು ಗುರುತಿಸಿದ ಹುಡುಗನೊಬ್ಬ ನನ್ನನ್ನು ಚಹಾಕ್ಕೆ ಕರೆದ. ಮೆಹ್ದಿ ಗದ್ಯಾನ್ಲೂ ಎಂಬ ಕಲಾವಿದರು ನಗರಾಡಳಿತಕ್ಕಾಗಿ ಬಿಡಿಸಿದ, ಬರಿಗೋಡೆಯಲ್ಲಿ ಆಕಾಶವನ್ನೇ ತೆರೆದಂತಿರುವ ಚಿತ್ರಗಳನ್ನೂ ಹುಡುಕಿ ನೋಡಿ. ಸರ್ಕಾರಿ ಕಟ್ಟಡ, ಪೊಲೀಸರು ಮತ್ತು ಸೈನಿಕರ ಫೋಟೊ ಮಾತ್ರ ತೆಗೆಯಲೇಬೇಡಿ.

ಶಿವಮೊಗ್ಗದಿಂದ ಒಬ್ಬರು: ಒಂದು ಮಾತು ಸೇರಿಸುತ್ತೇನೆ. 1980ರಿಂದ 1988ರವರೆಗೆ ನಡೆದ ಇರಾಕ್ ಯುದ್ಧದ ಹುತಾತ್ಮರ ಮುಖಗಳೂ ಟೆಹರಾನಿನ ಗೋಡೆಗಳ ಮೇಲಿವೆ. ನಮ್ಮನ್ನು ಉಳಿಸಿಕೊಂಡಿದ್ದ ಮನೆಯೊಡತಿ ಅಂಥ ಒಂದು ಚಿತ್ರದ ಮುಂದೆ ನಡಿಗೆ ನಿಧಾನಿಸಿ, ಆ ಹುಡುಗ ತಮ್ಮ ಅಣ್ಣನ ಸಹಪಾಠಿ ಎಂದರು. ನಾನು ಆಗಲೇ ಎತ್ತಿದ್ದ ಕ್ಯಾಮೆರಾವನ್ನು ಕೆಳಗಿಳಿಸಿದೆ. ಹಾಗಾಗಿ ಆ ಮುಖಗಳ ಫೋಟೊ ತೆಗೆಯುವ ಮೊದಲು ಜೊತೆಯಲ್ಲಿರುವವರನ್ನು ಕೇಳಿ.