1978ರ ಪದ್ಮಿನಿಯನ್ನು ದಿನಬಳಕೆಗೆ ತರುವಾಗ ಏನು ಬದಲಾಯಿಸಬೇಕು, ಏನು ಮುಟ್ಟಬಾರದು?

ಪ್ರಶ್ನೆ, ಮೈಸೂರಿನಿಂದ: ತಂದೆಯವರ 1978ರ ಪ್ರೀಮಿಯರ್ ಪದ್ಮಿನಿ ಒಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದು, ಈಗ ಓಡುವ ಸ್ಥಿತಿಗೆ ಬಂದಿದೆ. ದಿನವೂ ಕಚೇರಿಗೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಆಗುತ್ತದೆ, ಅದರಲ್ಲಿ ಅರ್ಧ ರಿಂಗ್ ರಸ್ತೆ. ಡಿಸ್ಕ್ ಬ್ರೇಕ್, ಬೇರೆ ಇಂಜಿನ್, ಈಗಿರುವ ಸ್ಟೀರಿಂಗ್ ಪಕ್ಕದ ಗೇರಿನ ಬದಲು ನೆಲದ ಗೇರ್ ಎಲ್ಲವನ್ನೂ ಹಾಕಿಸಿಬಿಡಿ ಎಂದು ಮೆಕ್ಯಾನಿಕ್ ಹೇಳಿದರೆ, ಒಂದು ಬೋಲ್ಟನ್ನೂ ಬದಲಾಯಿಸಬೇಡಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಬಳಸಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನನ್ನ 1976ರ ಪದ್ಮಿನಿಯನ್ನು ಹದಿನಾಲ್ಕು ವರ್ಷಗಳಿಂದ ಓಡಿಸುತ್ತಿದ್ದೇನೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ (ಚಕ್ರದೊಂದಿಗೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವಂಥದ್ದು) ಇರುವ ಈ ಕಾರು ನಿಲ್ಲುವುದೇ ಇಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು, ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕನ್ನು ಒಮ್ಮೆಯೂ ತುಳಿದು ನೋಡಿದವರಲ್ಲ ಎಂಬುದು ನನ್ನ ಅನುಭವ. ಕಾರು ಕೊಂಡ ಎರಡನೆಯ ವರ್ಷ ಅದು ಬ್ರೇಕ್ ಹಿಡಿದಾಗಲೆಲ್ಲ ಎಡಕ್ಕೆ ಎಳೆಯುತ್ತಿತ್ತು. ಕಾಲು ತೆಗೆದ ಮೇಲೂ ಎಡ ಮುಂಚಕ್ರ ಬಿಗಿಯಾಗಿಯೇ ಇರುತ್ತಿತ್ತು, ಡ್ರಮ್ ಕೈ ಇಡಲಾಗದಷ್ಟು ಸುಡುತ್ತಿತ್ತು. ಒಂದು ಗ್ಯಾರೇಜಿನವರು ಎರಡು ಬಾರಿ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಹಳೆಯ ಮೇಸ್ತ್ರಿಯೊಬ್ಬರು ಚಕ್ರಕ್ಕೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಹೊರಗಿನಿಂದ ಹೊಸದರಂತೆ ಕಾಣುತ್ತಿದ್ದ ಅದರ ಒಳಗೆ ರಬ್ಬರ್ ಊದಿಕೊಂಡು, ಸೂಜಿ ತೂರುವಷ್ಟೇ ಕಿಂಡಿ ಉಳಿದಿತ್ತು. ಪೆಡಲ್ ತುಳಿದ ಒತ್ತಡಕ್ಕೆ ಬ್ರೇಕ್ ಎಣ್ಣೆ ಮುಂದೆ ಹೋಗುತ್ತದೆ, ಹಿಂದಿರುಗಲು ದಾರಿಯಿರುವುದಿಲ್ಲ. ನಿಮ್ಮ ಕಾರು ಒಂಬತ್ತು ವರ್ಷ ನಿಂತಿದೆ ಎಂದಿದ್ದೀರಿ, ಆದ್ದರಿಂದ ಎಲ್ಲ ಹೋಸ್‌ಗಳು, ವೀಲ್ ಸಿಲಿಂಡರ್‌ಗಳ (ಚಕ್ರದ ಬಳಿ ಎಣ್ಣೆಯ ಒತ್ತಡದಿಂದ ಬ್ರೇಕ್ ಒತ್ತುವ ಭಾಗಗಳು) ರಬ್ಬರ್ ಮತ್ತು ಎಣ್ಣೆಯನ್ನು ಕಣ್ಣು ಮುಚ್ಚಿ ಬದಲಾಯಿಸಿ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡು ಬೇಗ ಕುದಿಯುವಂತಾಗುತ್ತದೆ, ಒಳಗಿನ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಡ್ರಮ್‌ಗಳನ್ನು ಲೇತ್‌ಗೆ ಕೊಟ್ಟು ಸಮ ಮಾಡಿಸಿದ ಮೇಲೆ ನನ್ನ ಕಾರು ಚಾಮುಂಡಿ ಬೆಟ್ಟವನ್ನು ಎರಡನೆಯ ಗೇರಿನಲ್ಲಿ ನಿಶ್ಚಿಂತೆಯಿಂದ ಇಳಿಯುತ್ತದೆ. ಮೂರನೆಯ ಗೇರಿನಲ್ಲಿ ಬ್ರೇಕನ್ನೇ ನಂಬಿ ಇಳಿಯುವವರಿಗೆ ಈ ಮಾತು ಅನ್ವಯಿಸದು.

ಬ್ರೇಕಿನಲ್ಲಿ ನಾನು ಮೂಲವನ್ನು ಬಿಟ್ಟು ಮಾಡಿದ ಬದಲಾವಣೆ ಒಂದೇ. ನನ್ನ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಎಣ್ಣೆಯ ದಾರಿ ಒಂದೇ ಇದ್ದುದರಿಂದ, ಎಲ್ಲಿ ಸೋರಿದರೂ ಪೆಡಲ್ ನೆಲಕ್ಕೆ ತಾಗುವ ಅಪಾಯವಿತ್ತು. ಹಾಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ದಾರಿಯನ್ನು ಬೇರ್ಪಡಿಸುವ ಜೋಡಿ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಎಣ್ಣೆಯನ್ನು ತಳ್ಳುವ ಭಾಗ) ಹಾಕಿಸಿದೆ. ಹಳೆಯದು ಗ್ರೀಸ್ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿದೆ, ಒಂದು ಮಧ್ಯಾಹ್ನದ ಕೆಲಸದಲ್ಲಿ ಮತ್ತೆ ಕೂರಿಸಬಹುದು. ಡಿಸ್ಕ್ ಬ್ರೇಕಿಗೆ ನನ್ನ ವಿರೋಧವಿಲ್ಲ, ಆದರೆ ಅದಕ್ಕಾಗಿ ಚಕ್ರ ಹೊರುವ ಭಾಗವನ್ನು ಕೊರೆಯಬೇಕು ಅಥವಾ ಬೆಸುಗೆ ಹಾಕಬೇಕು ಎಂದರೆ ಅಲ್ಲಿಗೇ ನಿಲ್ಲಿಸಿ. ಸ್ಪ್ಯಾನರಿನಿಂದ ಹಿಂದಿರುಗಿಸಬಹುದಾದದ್ದನ್ನು ಮಾಡಬಹುದು, ಕಟ್ಟರ್ ಬೇಕಾದದ್ದನ್ನು ಮಾಡಬಾರದು ಎಂಬ ಗೆರೆಯನ್ನು ನಾನು ಇಲ್ಲಿಯವರೆಗೂ ದಾಟಿಲ್ಲ.

ಎರಡನೆಯ ಉತ್ತರ: ನಿಲ್ಲುವುದರಷ್ಟೇ ಮುಖ್ಯವಾದದ್ದು ಕಾಣುವುದು. ಈ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿಯಾಗಿ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ನನ್ನ ಕಾರಿನಲ್ಲಿ ಅಳೆದಾಗ ಬಲ್ಬಿಗೆ ಸಿಗುತ್ತಿದ್ದದ್ದು 10.6 ವೋಲ್ಟ್ ಮಾತ್ರ; ಗ್ರಿಲ್ ಹಿಂದೆ, ಹೊರಗೆ ಕಾಣದಂತೆ, ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಮತ್ತು ಫ್ಯೂಸ್ ಹಾಕಿ ಬ್ಯಾಟರಿಯಿಂದ ನೇರ ತಂತಿ ಎಳೆದ ಮೇಲೆ ಅದು 12.9ಕ್ಕೆ ಏರಿತು. ಬಲ್ಬ್ ಹಳೆಯದೇ, ಮೂಲ ವೈರಿಂಗಿನ ಒಂದು ತಂತಿಯನ್ನೂ ಕತ್ತರಿಸಿಲ್ಲ. ಟೈರಿನ ವಿಷಯದಲ್ಲಿ ಮಾತ್ರ ಮೂಲನಿಷ್ಠೆ ಬೇಡ: ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಹಳೆಯ ಕ್ರಾಸ್‌ಪ್ಲೈ ಟೈರಿಗಿಂತ, ಈಗಿನ ಕಾರುಗಳಲ್ಲಿರುವಂಥ ಅದೇ 14 ಇಂಚಿನ ರೇಡಿಯಲ್ ಟೈರ್ ಮಳೆಯಲ್ಲಿ ಎಷ್ಟೋ ಮೇಲು, ಆದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಬೇಕು, ಬೆರೆಸಬಾರದು.

ಮೂರನೆಯ ಉತ್ತರ: ಕಾನೂನಿನ ಭಾಗವನ್ನು ಯಾರೂ ಹೇಳಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಇಂಜಿನ್ ಬದಲಾಯಿಸಿ ಆರ್‌ಸಿಯಲ್ಲಿ ದಾಖಲಿಸದಿದ್ದರೆ ನವೀಕರಣದ ದಿನ ಸಿಕ್ಕಿಬೀಳುತ್ತೀರಿ. ಇನ್ನೊಂದು ವಿಷಯ: 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು, ದಿನವೂ ಕಚೇರಿಗೆ ಒಯ್ಯುವಂತಿಲ್ಲ. ನಿಮ್ಮ ಕಾರಿಗೆ 2028ರಲ್ಲಿ 50 ತುಂಬುತ್ತದೆ. ಓಡಿಸುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತಿರಿ. ಮುಂದೊಂದು ದಿನ ಮನಸ್ಸು ಬದಲಾದರೂ, ಮೇಲಿನವರು ಹೇಳಿದಂತೆ ಬೀರುವಿನಲ್ಲಿ ಮೂಲ ಭಾಗಗಳಿದ್ದರೆ ತೊಂದರೆಯಾಗದು.

ನಾಲ್ಕನೆಯ ಉತ್ತರ: ಸೀಟ್ ಬೆಲ್ಟ್ ಹಾಕಿಸಿ. 1994ರಿಂದೀಚಿನ ಕಾರುಗಳಿಗೆ ಮಾತ್ರ ಅದು ಕಡ್ಡಾಯ ಎಂಬ ನೆಪ ಹೇಳಬೇಡಿ, ಕೊರೆಯಬಾರದೆಂಬ ನಿಯಮವನ್ನು ನಾನು ಮುರಿದದ್ದು ಇದೊಂದಕ್ಕೇ. ಬರಿಯ ತಗಡಿಗೆ ಬೋಲ್ಟ್ ಬಿಗಿದರೆ ಅಪಘಾತದ ಹೊಡೆತಕ್ಕೆ ತಗಡನ್ನೇ ಹರಿದುಕೊಂಡು ಬರುತ್ತದೆ. ನೆಲದ ಅಡಿಯಲ್ಲಿ ಅಂಗೈ ಅಗಲದ ದಪ್ಪ ಉಕ್ಕಿನ ಪಟ್ಟಿ ಇಟ್ಟು ಬಿಗಿಸಬೇಕು, ಅದಕ್ಕೂ ಮೊದಲು ಕಾರ್ಪೆಟ್ ಎತ್ತಿ ತುಕ್ಕು ನೋಡಬೇಕು.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಇಂಜಿನ್, ಸ್ಟೀರಿಂಗ್ ಪಕ್ಕದ ಗೇರ್ ಹಾಗೇ ಇರಲಿ ಎಂದು ತೀರ್ಮಾನಿಸಿದ್ದೇನೆ. ಈ ವಾರವೇ ಹೋಸ್‌ಗಳನ್ನು ಬದಲಾಯಿಸುತ್ತೇನೆ, ಅಲ್ಲಿಯವರೆಗೆ ಕಾರು ಗೇಟು ದಾಟುವುದಿಲ್ಲ.

ಮೊದಲ ಉತ್ತರ ಬರೆದವರು: ಪೆಟ್ರೋಲ್ ಹೋಸ್‌ಗಳನ್ನೂ ಅದೇ ದಿನ ಬದಲಾಯಿಸಿಬಿಡಿ ಸರ್. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಅದಕ್ಕೆ ಮೆತ್ತಗಾಗಿ ಸೋರತೊಡಗುತ್ತದೆ, ಸೋರುವುದು ಬಿಸಿ ಇಂಜಿನ್ನಿನ ಪಕ್ಕದಲ್ಲಿ. ಎಥೆನಾಲ್ ತಡೆಯುವ ಹೋಸ್ ಎಂದೇ ಕೇಳಿ ತನ್ನಿ, ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ (ಒಳಗೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುವ ತೆಳುಪೊರೆ) ಮರೆಯಬೇಡಿ.