ಹಳೆಯ ಫೈಬರ್ ದೋಣಿಯ ತಳದ ನೀರಿಗೆ ಯಾವ ಪಂಪ್? ಅನುಭವ ಇದ್ದವರು ಹೇಳಿ

ಶರಾವತಿ ದಡ (ಹೊನ್ನಾವರ), ಕೇಳಿದವರು

ಕಳೆದ ಬೇಸಿಗೆಯಲ್ಲಿ ಇಪ್ಪತ್ತು ಅಡಿಯ ಒಂದು ಹಳೆಯ ಫೈಬರ್ ದೋಣಿ ತೆಗೆದುಕೊಂಡೆ. ವಯಸ್ಸು ಹದಿನೆಂಟು ಇರಬಹುದು. ಹಿಂದೆ 9.9 ಎಚ್‌ಪಿ ಎಂಜಿನ್, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಅಳಿವೆಯೊಳಗೆ ಬಲೆ ಬಿಡಲು, ರಜೆಗೆ ಮಕ್ಕಳು ಬಂದರೆ ಒಂದು ಸುತ್ತು ಹಾಕಲು, ಅಷ್ಟೇ.

ರಾತ್ರಿ ಕಟ್ಟಿ ಬಂದರೆ ಬೆಳಿಗ್ಗೆ ತಳದಲ್ಲಿ ನೀರು. ಜುಲೈಯಲ್ಲಿ ಒಂದು ದಿನ ಕೂರುವ ಹಲಗೆಯವರೆಗೂ ಬಂದಿತ್ತು. ಎಣ್ಣೆ ಕ್ಯಾನ್ ಕತ್ತರಿಸಿಕೊಂಡು ಮೊಗೆದು ಮೊಗೆದು ಸೊಂಟ ಹಿಡಿದುಹೋಯಿತು. ಇನ್ನು ಬ್ಯಾಟರಿ ಪಂಪ್ ಹಾಕೋಣ ಎಂದು ಅಂಗಡಿಗೆ ಹೋದರೆ 500, 1100, 2000 ಎಂದು ಮೂರು ಡಬ್ಬಿ ಮುಂದೆ ಇಟ್ಟರು. ಯಾವುದು ಸರಿ? ತಾನೇ ಚಾಲೂ ಆಗುವ ಸ್ವಿಚ್ ಬೇಕಾ? ತಳಕ್ಕೆ ಸ್ಕ್ರೂ ಹೊಡೆಯಬಹುದಾ?

ಮಲ್ಪೆ ಹುಡುಗ

2000ದ್ದೇ ಹಾಕಿ ಬಿಡಿ ಅಣ್ಣ. ದೊಡ್ಡದಿದ್ದರೆ ತಲೆನೋವಿಲ್ಲ.

ಗಂಗೊಳ್ಳಿ ವೈರ್

ಬೇಡ ಮಾರಾಯ್ರೆ, ತಲೆನೋವು ಅಲ್ಲಿಂದಲೇ ಶುರು. ನಾನು ದೋಣಿಗಳ ವೈರಿಂಗ್ ಕೆಲಸ ಮಾಡುವವನು. ಪಂಪ್ ಸುಟ್ಟುಹೋಯಿತು ಎಂದು ನನ್ನ ಹತ್ತಿರ ತರುತ್ತಾರೆ. ಅದರಲ್ಲಿ ನಿಜವಾಗಿ ಸುಟ್ಟದ್ದು ಕಡಿಮೆ. ತಪ್ಪು ಜಾಸ್ತಿ ಇರುವುದು ಪೈಪು, ವೈರು, ಸ್ವಿಚ್ಚು ಈ ಮೂರರಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೆಕ್ಕ. ಡಬ್ಬಿಯ ಮೇಲಿನ ಅಂಕಿ ಗಂಟೆಗೆ ಎಷ್ಟು ಗ್ಯಾಲನ್ ಅಂತ. ಅಮೆರಿಕದ ಗ್ಯಾಲನ್, ಅಂದರೆ 3.785 ಲೀಟರ್. 1100 ಎಂದರೆ ನಿಮಿಷಕ್ಕೆ ಸುಮಾರು 69 ಲೀಟರ್. ಆದರೆ ಅದು ಪೈಪೇ ಇಲ್ಲದೆ, ಮೇಲಕ್ಕೆ ಎತ್ತದೆ, ಬ್ಯಾಟರಿ 13.6 ವೋಲ್ಟ್ ಇದ್ದಾಗ ಅಳೆದದ್ದು. ನಿಮ್ಮ ದೋಣಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 40 ಲೀಟರ್ ಸಿಕ್ಕಿದರೆ ಖುಷಿಪಡಿ.

ಅಷ್ಟು ಸಾಕಾ? ನಮ್ಮ ಕರಾವಳಿಯಲ್ಲಿ ಕಟ್ಟಿಟ್ಟ ದೋಣಿಯ ದೊಡ್ಡ ಶತ್ರು ಮಳೆ. ನಿಮ್ಮ ದೋಣಿಯ ಬಾಯಿ ಎಂಟು ಚದರ ಮೀಟರ್ ಎಂದುಕೊಳ್ಳಿ. ಜುಲೈಯಲ್ಲಿ ಒಂದು ರಾತ್ರಿ 100 ಮಿ.ಮೀ. ಸುರಿಯುವುದು ದೊಡ್ಡ ಮಾತಲ್ಲ. ಅಲ್ಲಿಗೆ 800 ಲೀಟರ್, ಅಂದರೆ 800 ಕಿಲೋ ಭಾರ ದೋಣಿಯೊಳಗೆ. 40 ಲೀಟರ್ ಎತ್ತುವ ಪಂಪ್ ಇದನ್ನು ಇಪ್ಪತ್ತು ನಿಮಿಷದಲ್ಲಿ ಖಾಲಿ ಮಾಡುತ್ತದೆ. 1100ದ್ದು ಎಳೆಯುವುದು ಮೂರೂವರೆ ಆಂಪಿಯರ್ ಆಸುಪಾಸು. ಇಪ್ಪತ್ತು ನಿಮಿಷಕ್ಕೆ ಒಂದೂಕಾಲು ಆಂಪಿಯರ್ ಅವರ್ ಕೂಡ ಆಗಲ್ಲ. 60 ಆಂಪಿಯರ್ ಅವರ್ ಬ್ಯಾಟರಿಗೆ ಅದು ಏನೂ ಅಲ್ಲ.

ಹಾಗಾದರೆ ಬೆಳಿಗ್ಗೆ ಬ್ಯಾಟರಿ ಯಾಕೆ ಸತ್ತಿರುತ್ತದೆ? ಫ್ಲೋಟ್, ಅಂದರೆ ನೀರು ಏರಿದಾಗ ತೇಲಿ ಪಂಪ್ ಚಾಲೂ ಮಾಡುವ ಸ್ವಿಚ್, ಕಸಕ್ಕೆ ಸಿಕ್ಕಿ ಮೇಲೆಯೇ ನಿಂತಿರುತ್ತದೆ, ಪಂಪ್ ಒಣಗಿ ತಿರುಗುತ್ತಲೇ ಇರುತ್ತದೆ. ಒಣಗಿ ತಿರುಗುವಾಗ ಎಳೆಯುವುದು ಕಡಿಮೆ, ಆದರೂ ಅದೇ ಮೂರೂವರೆಯ ಲೆಕ್ಕ ಹಿಡಿದರೆ 24 ಗಂಟೆಗೆ 84 ಆಂಪಿಯರ್ ಅವರ್ ವರೆಗೆ. ಯಾವ ಬ್ಯಾಟರಿ ತಡೆಯುತ್ತದೆ ಹೇಳಿ.

ದೋಣಿಗೆ ತೂತು ಬಿದ್ದರೆ ಪಂಪ್ ಕಾಪಾಡುತ್ತದೆ ಎಂದು ಮಾತ್ರ ನಂಬಬೇಡಿ. ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಒಂದೇ ಒಂದು ಇಂಚಿನ ತೂತು ಇದ್ದರೆ ನಿಮಿಷಕ್ಕೆ 45 ಲೀಟರ್ ಒಳಗೆ ಬರುತ್ತದೆ. ನಿಮ್ಮ ಪಂಪ್ ಆಗಲೇ ಸೋತಿತು. ಮೊಗೆಯುವ ಕ್ಯಾನ್ ಎಸೆಯಬೇಡಿ.

2000 ಯಾಕೆ ಬೇಡ ಎಂದರೆ ಅದು ಎಂಟು ಆಂಪಿಯರಿಗೂ ಮೇಲೆ ಎಳೆಯುತ್ತದೆ, ದಪ್ಪ ವೈರ್ ಬೇಕು. ಇನ್ನೊಂದು, ಪಂಪ್ ನಿಂತ ಕೂಡಲೇ ಪೈಪಿನೊಳಗಿನ ನೀರೆಲ್ಲ ವಾಪಸ್ ತಳಕ್ಕೆ ಇಳಿಯುತ್ತದೆ. ತಳ ಚೂಪಾಗಿ ಕಿರಿದಾಗಿರುವ ದೋಣಿಯಲ್ಲಿ ಅಷ್ಟೇ ನೀರಿಗೆ ಫ್ಲೋಟ್ ಮತ್ತೆ ಏಳುತ್ತದೆ, ಮತ್ತೆ ಚಾಲೂ, ಮತ್ತೆ ಬಂದ್. ರಾತ್ರಿಯಿಡೀ ಇದೇ ಆಟ. ಪೈಪ್ ದಪ್ಪ ಮತ್ತು ಉದ್ದ ಇದ್ದಷ್ಟೂ ಈ ಕಾಟ ಜಾಸ್ತಿ. ಫ್ಲೋಟನ್ನು ಪಂಪಿನ ಬುಡಕ್ಕಿಂತ ಒಂದೆರಡು ಬೆರಳು ಎತ್ತರದಲ್ಲಿ ಕೂರಿಸಿದರೆ ನಿಲ್ಲುತ್ತದೆ.

ಪೈಪ್ ವಿಷಯ. ವಾಷಿಂಗ್ ಮಷೀನ್ ಹಿಂದೆ ಬರುವಂಥ ಉಂಗುರ ಉಂಗುರದ ಪೈಪ್ ಅಗ್ಗಕ್ಕೆ ಸಿಗುತ್ತದೆ, ಬಗ್ಗುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ಒಳಗಿನ ಆ ಉಂಗುರಗಳು ನೀರಿನ ವೇಗ ತಿಂದುಹಾಕುತ್ತವೆ. ಒಳಗೆ ನುಣ್ಣಗಿರುವ ಪೈಪ್ ಕೇಳಿ. 1100ಕ್ಕೆ 28 ಮಿ.ಮೀ. ಬೇಕು, ಎಲ್ಲೂ ಕಿರಿದು ಮಾಡಬೇಡಿ. ಪಂಪಿನಿಂದ ಹೊರಬಾಯಿಯವರೆಗೆ ಏರುತ್ತಲೇ ಹೋಗಬೇಕು. ನಡುವೆ ಜೋಲು ಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಅದರ ಹಿಂದೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೋಟರ್ ಗುಂಯ್ ಎನ್ನುತ್ತದೆ, ಹೊರಗೆ ಒಂದು ಹನಿಯೂ ಬರಲ್ಲ.

ವೈರ್. ಬ್ಯಾಟರಿಯಿಂದ ಪಂಪ್ ಐದು ಮೀಟರ್ ದೂರ ಎಂದುಕೊಳ್ಳಿ. ಮನೆಯಲ್ಲಿ ಉಳಿದಿದ್ದ 0.75 ಚದರ ಮಿ.ಮೀ. ವೈರ್ ಎಳೆದರೆ ದಾರಿಯಲ್ಲೇ 0.8 ವೋಲ್ಟ್ ಹೋಗುತ್ತದೆ. 2.5 ಎಳೆದರೆ ಕಾಲು ವೋಲ್ಟ್ ಅಷ್ಟೇ. ತವರ ಲೇಪನದ ತಾಮ್ರದ ವೈರ್ ಸಿಕ್ಕಿದರೆ ದುಡ್ಡು ನೋಡಬೇಡಿ. ಸಾದಾ ತಾಮ್ರ ಉಪ್ಪು ಗಾಳಿಗೆ ಒಳಗೊಳಗೇ ಕಪ್ಪಾಗುತ್ತದೆ. ಹೊರಗಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ, ಸಿಪ್ಪೆ ಸುಲಿದರೆ ಪುಡಿ. ಜಾಯಿಂಟ್ ನೀರು ಮುಟ್ಟದ ಎತ್ತರದಲ್ಲಿರಲಿ. ಇನ್ಸುಲೇಶನ್ ಟೇಪ್ ಸುತ್ತಿ ಕೈ ತೊಳೆದುಕೊಳ್ಳಬೇಡಿ. ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗುವ ಸ್ಲೀವ್ ಬರುತ್ತದೆ, ಅದನ್ನು ಹಾಕಿ.

ಫ್ಯೂಸ್ ಪಂಪಿನ ಮೇಲೆ ಬರೆದಷ್ಟೇ, ಬ್ಯಾಟರಿಯ ಪಕ್ಕದಲ್ಲೇ. ಬಲೆಯ ನೂಲು ಸುತ್ತಿ ಪಂಪ್ ಬಿಗಿದುಕೊಂಡಾಗ ಫ್ಯೂಸ್ ಹೋಗಬೇಕು. ಹದಿನೈದು ಆಂಪಿಯರಿನದ್ದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ಪಂಪಿನ ಮೋಟರ್ ಸುಡುತ್ತದೆ. ಪೆಟ್ರೋಲ್ ಕ್ಯಾನ್ ಇಡುವ ಮುಚ್ಚಿದ ಗೂಡಿನಲ್ಲಿ ಫ್ಯೂಸ್, ಸ್ವಿಚ್ ಯಾವುದೂ ಬೇಡ.

ಪ್ಲಸ್ ಮೈನಸ್ ಉಲ್ಟಾ ಕೊಟ್ಟರೂ ಈ ಪಂಪ್ ತಿರುಗುತ್ತದೆ, ಆದರೆ ನೀರು ಸರಿಯಾಗಿ ಎತ್ತಲ್ಲ. ಸದ್ದು ಕೇಳಿ ಸರಿ ಇದೆ ಎಂದು ಮನೆಗೆ ಹೋದವರಿದ್ದಾರೆ.

ತಳಕ್ಕೆ ಸ್ಕ್ರೂ ಖಂಡಿತ ಬೇಡ. ಹಳೆಯ ಫೈಬರಿಗೆ ಒಂದೊಂದು ತೂತೂ ಒಂದೊಂದು ಸೋರಿಕೆ. ಸಣ್ಣ ಮರದ ತುಂಡಿಗೆ ಎಲ್ಲ ಬದಿಯೂ ರೆಸಿನ್ (ಫೈಬರ್ ಕೆಲಸದ ಅಂಟು) ಬಳಿದು, ತಳವನ್ನು ಉಜ್ಜಿ ಒಣಗಿಸಿ ಅಂಟಿಸಿ. ಪಂಪಿನ ಸ್ಕ್ರೂ ಆ ತುಂಡಿಗೆ ಮಾತ್ರ ಹೋಗಲಿ. ಕೆಲವರು ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ಹಲಗೆ ಕತ್ತರಿಸಿ ಅಂಟಿಸುತ್ತಾರೆ. ಅದಕ್ಕೆ ರೆಸಿನ್ ಹಿಡಿಯಲ್ಲ, ಒಂದು ವಾರಕ್ಕೆ ಕಳಚಿ ಕೈಗೆ ಬರುತ್ತದೆ.

ಅಘನಾಶಿನಿ ಮಾಮ (ಕುಮಟಾ)

ತಮ್ಮಾ, ಎಲ್ಲ ಸರಿ. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿದೆಯಾ? ಅದು ಗೊತ್ತಿಲ್ಲದೆ ಪಂಪ್ ಹಾಕುವುದು ಮಾಡು ಸೋರುವ ಮನೆಯಲ್ಲಿ ದೊಡ್ಡ ಪಾತ್ರೆ ಹುಡುಕಿದ ಹಾಗೆ.

ನಮ್ಮ ಕಡೆ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತೇವೆ. ಉಪ್ಪಿದ್ದರೆ ಹೊಳೆಯದ್ದು, ಸಪ್ಪೆ ಇದ್ದರೆ ಮಳೆಯದ್ದು. ನಿನಗೆ ಅದು ಕಷ್ಟ. ಶರಾವತಿಗೆ ವಿದ್ಯುತ್ ಯೋಜನೆಯ ನೀರು ವರ್ಷವಿಡೀ ಇಳಿಯುತ್ತದೆ, ನಿಮ್ಮ ಅಳಿವೆಯಲ್ಲಿ ಅಘನಾಶಿನಿಯಷ್ಟು ಉಪ್ಪಿಲ್ಲ. ಮಳೆಗಾಲದಲ್ಲಂತೂ ಎರಡೂ ಸಪ್ಪೆ. ಹಾಗಾಗಿ ದೋಣಿಯನ್ನು ದಡಕ್ಕೆ ಎಳೆದು, ಹೊರಗೆ ಒಣಗಿಸಿ, ಒಳಗೆ ಒಂದು ಗೇಣು ನೀರು ತುಂಬು. ಜಾಸ್ತಿ ಬೇಡ, ಅಡಿಯಲ್ಲಿ ಸರಿಯಾಗಿ ಆಧಾರ ಇಲ್ಲದಿದ್ದರೆ ಭಾರಕ್ಕೆ ತಳ ಬಗ್ಗುತ್ತದೆ. ಹೊರಗೆ ಎಲ್ಲಿ ಒದ್ದೆ ಆಗುತ್ತದೆ ಎಂದು ಸುಣ್ಣದ ಕಡ್ಡಿಯಲ್ಲಿ ಗುರುತು ಮಾಡು. ಹಿಂದಿನ ಬೂಚು, ಟ್ರಾನ್ಸಮ್ಮಿನ (ಎಂಜಿನ್ ಕೂರುವ ಹಿಂದಿನ ಗೋಡೆಯ) ಬೋಲ್ಟುಗಳು, ಹಿಂದಿನವರು ಏನೋ ಹಾಕಿ ಕಿತ್ತ ಸ್ಕ್ರೂ ತೂತುಗಳು, ಇವನ್ನು ಮೊದಲು ನೋಡು.

ಇನ್ನೊಂದು, ತಾನೇ ಚಾಲೂ ಆಗುವ ಸ್ವಿಚ್ ನನಗೆ ಇಷ್ಟವಿಲ್ಲ. ಸೋರಿಕೆ ಹೆಚ್ಚಾದರೂ ನಿನಗೆ ಗೊತ್ತೇ ಆಗಲ್ಲ, ಅದು ಸುಮ್ನೆ ಹೊರಗೆ ಹಾಕುತ್ತಿರುತ್ತದೆ. ನನ್ನದು ಮರದ ದೋಣಿ. ಬೇಸಿಗೆಯಲ್ಲಿ ಮೇಲಿಟ್ಟು ಮತ್ತೆ ಇಳಿಸಿದಾಗ ಮೊದಲ ಎರಡು ದಿನ ಸೋರುತ್ತದೆ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತದೆ. ಆ ಎರಡು ದಿನ ಕೈ ಪಂಪಿನಲ್ಲೇ ಹೊಡೆಯುತ್ತೇನೆ. ಮೂರನೆಯ ದಿನವೂ ಹೊಡೆಯಬೇಕಾಯಿತು ಎಂದರೆ ಎಲ್ಲೋ ಹಲಗೆ ಸಂದಿಗೆ ತುಂಬಿದ ನಾರು ಬಿಟ್ಟಿದೆ ಅಂತ ತಿಳಿಯುತ್ತದೆ.

ಗಂಗೊಳ್ಳಿ ವೈರ್

ಮಾಮ ಹೇಳಿದ್ದು ಸರಿ, ಸೋರಿಕೆ ಹುಡುಕುವುದೇ ಮೊದಲು. ನಾನು ಅದನ್ನು ಬಿಟ್ಟೇಬಿಟ್ಟೆ. ಆದರೆ ಸ್ವಿಚ್ ವಿಷಯ ಒಪ್ಪಲ್ಲ. ರಾತ್ರಿ ಎರಡು ಗಂಟೆಗೆ ಮಳೆ ಬಿದ್ದರೆ ದಕ್ಕೆಗೆ ಯಾರು ಹೋಗುತ್ತಾರೆ ಮಾಮ? ಮೂರು ಸ್ಥಾನದ ಸ್ವಿಚ್ ಹಾಕಿ: ತಾನಾಗಿ, ಬಂದ್, ಕೈಯಿಂದ. ‘ತಾನಾಗಿ’ ಇರುವ ವೈರ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಬೇಕು. ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದರೂ ಅದು ಸಾಯಬಾರದು. ಪಂಪಿನ ಜೊತೆಯಲ್ಲೇ ಒಂದು ಸಣ್ಣ ದೀಪ ಕಟ್ಟಿ. ಪಂಪ್ ತಿರುಗಿದಾಗಲೆಲ್ಲ ಅದು ಉರಿಯುತ್ತದೆ. ನೀವು ದೋಣಿಯಲ್ಲಿರುವಾಗ ಗಂಟೆಗೆ ನಾಲ್ಕು ಸಲ ಉರಿದರೆ ಮಾಮನ ಮಾತು ನೆನಪು ಮಾಡಿಕೊಳ್ಳಿ.

ಹಗ್ಗ ಎಳೆಯುವ ಎಂಜಿನ್‌ಗಳಲ್ಲಿ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆ ಹೆಚ್ಚಾಗಿ ಇರಲ್ಲ. ನಿಮ್ಮದರಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ 20 ವಾಟಿನ ಸೋಲಾರ್ ಪ್ಯಾನೆಲ್ ಮತ್ತು ಕಂಟ್ರೋಲರ್ ಸಾಕು. ಆಷಾಢದ ಮೋಡದಲ್ಲಿ ಅದನ್ನೇ ನಂಬಿ ಕೂರಬೇಡಿ, ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ಮನೆಗೆ ತಂದು ಚಾರ್ಜ್ ಮಾಡಿ.

ಕೊಲ್ಲಿಯ ಕನ್ನಡಿಗ (ಮೆಲ್ಬರ್ನ್)

ನನ್ನ ಹತ್ತಿರ ಎಂಬತ್ತರ ದಶಕದ ಸಣ್ಣ ಹಾಯಿ ದೋಣಿ ಇದೆ, ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಓಡಿಸುತ್ತೇನೆ. ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಪೈಪಿನ ಹೊರಬಾಯಿಯನ್ನು ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟದಿಂದ ನಾಲ್ಕೇ ಬೆರಳು ಮೇಲೆ ಇಟ್ಟಿದ್ದೆ. ಗಾಳಿಗೆ ದೋಣಿ ಆ ಬದಿಗೆ ವಾಲಿದಾಗ ಹೊರಬಾಯಿ ಮುಳುಗಿತು. ಪಂಪ್ ಹೊರಹಾಕಿ ನಿಂತ ಮೇಲೆ ಅದೇ ಪೈಪಿನಲ್ಲಿ ಸಮುದ್ರದ ನೀರು ಒಳಗೆ ಬರತೊಡಗಿತು. ಈ ಪಂಪಿನೊಳಗೆ ತಡೆಯುವ ಬಾಗಿಲು ಏನೂ ಇರಲ್ಲ ಅಲ್ವಾ. ಅರ್ಧ ಗಂಟೆ ಸೋರಿಕೆ ಹುಡುಕಿದೆ. ಸೋರಿಕೆ ನಾನೇ ಕೂರಿಸಿದ ಪಂಪು!

ಒಮ್ಮುಖ ವಾಲ್ವ್ ಹಾಕಿ ನೋಡಿದೆ. ಅದರಲ್ಲಿ ಕಸ ಸಿಕ್ಕಿ ಅರ್ಧ ತೆರೆದೇ ಉಳಿಯಿತು, ನೀರಿನ ರಭಸವೂ ಇಳಿಯಿತು. ಕಿತ್ತೆಸೆದೆ. ಈಗ ಹೊರಬಾಯಿ ಹಿಂಬದಿಯಲ್ಲಿ, ಆದಷ್ಟು ಎತ್ತರದಲ್ಲಿದೆ. ನೀವು ಹಾಯಿ ಹಾಕಲ್ಲ ನಿಜ, ಆದರೆ ನಾಲ್ಕು ಜನ ಒಂದೇ ಬದಿಗೆ ಬಂದು ಬಲೆ ಎಳೆದರೆ ದೋಣಿ ವಾಲುವುದು ಅಷ್ಟೇ.

ಪೈಪಿನ ಕ್ಲಿಪ್ ತೆಗೆದುಕೊಳ್ಳುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಪಟ್ಟಿ ಸ್ಟೇನ್‌ಲೆಸ್ ಇರುತ್ತದೆ, ಸ್ಕ್ರೂ ಮಾತ್ರ ಸಾದಾ ಕಬ್ಬಿಣದ್ದು ಕೊಟ್ಟಿರುತ್ತಾರೆ. ಇಲ್ಲಿ ಮುಚ್ಚಿದ ತಳದ ದೋಣಿಗೆ ಪಂಪ್ ಇರಲೇಬೇಕು ಎಂದು ನಿಯಮ ಇದೆ. ಪಂಪ್ ಇಲ್ಲದ ದೋಣಿಯಲ್ಲಿ ಮೊಗೆಯುವ ಬಕೆಟ್ ಆದರೂ ಬೇಕು.

ಮಲ್ಪೆ ಹುಡುಗ

2000ದ ಮಾತು ವಾಪಸ್ ತೆಗೆದುಕೊಂಡೆ. ಒಂದು ಮಾತ್ರ ಸೇರಿಸುತ್ತೇನೆ. ಮೀನಿನ ದೋಣಿ ಅಂದ ಮೇಲೆ ಪೊರೆ, ನೂಲು, ಥರ್ಮಾಕೋಲ್ ಚೂರು ಇದ್ದದ್ದೇ. ಪಂಪಿನ ಜರಡಿ ಕೈಯಲ್ಲಿ ಕಳಚಲು ಬರುವಂಥದ್ದು ತೆಗೆದುಕೊಳ್ಳಿ, ಕೈ ಹೋಗುವ ಜಾಗದಲ್ಲೇ ಕೂರಿಸಿ. ನಮ್ಮದರಲ್ಲಿ ಹಲಗೆ ಬಿಚ್ಚಬೇಕಿತ್ತು, ಹಾಗಾಗಿ ಯಾರೂ ತೊಳೆಯಲೇ ಇಲ್ಲ. ಎಂಜಿನ್ ಎಣ್ಣೆ ಚೆಲ್ಲಿದ್ದರೆ ಮೊದಲು ಹಳೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಪಂಪಿನಲ್ಲಿ ಹೊಳೆಗೆ ಬಿಡಬೇಡಿ. ಚಿಪ್ಪಿ ಆರಿಸುವವರು ಅಲ್ಲೇ ಇರುತ್ತಾರೆ.

ಶರಾವತಿ ದಡ (ಹೊನ್ನಾವರ)

ಎಲ್ಲರಿಗೂ ದೊಡ್ಡ ನಮಸ್ಕಾರ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮಾಮ ಹೇಳಿದ ಹಾಗೆ ಒಳಗೆ ನೀರು ತುಂಬಿ ನೋಡಿದೆ. ಟ್ರಾನ್ಸಮ್ಮಿನ ಹೊರಗೆ ನಾಲ್ಕು ಸ್ಕ್ರೂ ತೂತು. ಹಿಂದಿನವರು ಮೀನು ಹುಡುಕುವ ಯಂತ್ರ ಹಾಕಿದ್ದರಂತೆ, ಕಿತ್ತ ಮೇಲೆ ಮೇಣ ತುಂಬಿ ಬಣ್ಣ ಬಳಿದಿದ್ದಾರೆ! ಒಳಗಿನ ಪ್ಲೈವುಡ್ ಒಂದು ಅಂಗೈಯಷ್ಟು ಮೆತ್ತಗಾಗಿತ್ತು. ಅದನ್ನು ಕೆತ್ತಿ ತೆಗೆಸಿ ಫೈಬರ್ ಹಾಕಿಸಿದೆ. ಪಂಪಿಗಿಂತ ಅದರ ಖರ್ಚೇ ಜಾಸ್ತಿ ಆಯಿತು.

1100ದ ಪಂಪ್, ನುಣ್ಣಗಿನ ಪೈಪ್, 2.5 ವೈರ್. ಮರದ ತುಂಡು ಅಂಟಿಸಿ ಕೂರಿಸಿದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಪೈಪಿನ ಬಾಯಿಗೆ ಹಿಡಿದು ಫೋನಿನಲ್ಲಿ ಸಮಯ ನೋಡಿದೆ: 27 ಸೆಕೆಂಡ್. ಅಂದರೆ ನಿಮಿಷಕ್ಕೆ 44 ಲೀಟರ್. ಮೊದಲು ಪಕ್ಕದ ಮನೆಯವರ ಉಂಗುರದ ಪೈಪ್ ಹಾಕಿ ನೋಡಿದ್ದೆ, ಆಗ 41 ಸೆಕೆಂಡ್ ಹಿಡಿದಿತ್ತು. ದೀಪವನ್ನೂ ಕಟ್ಟಿದ್ದೇನೆ. ಮೊನ್ನೆ ಅಳಿವೆಯಲ್ಲಿ ನಾಲ್ಕು ಗಂಟೆ ಇದ್ದೆವು, ಒಮ್ಮೆಯೂ ಉರಿಯಲಿಲ್ಲ. ದೀಪವೇ ಕೆಟ್ಟಿದೆಯಾ ಎಂದು ಮಗ ಫ್ಲೋಟ್ ಎತ್ತಿ ನೋಡಿದ, ಉರಿಯಿತು.

ಒಂದೇ ಅನುಮಾನ. ಎಷ್ಟು ಹೊತ್ತು ಓಡಿಸಿದರೂ ಕೊನೆಗೆ ಎರಡು ಬೆರಳು ನೀರು ತಳದಲ್ಲಿ ಉಳಿಯುತ್ತದೆ. ಪಂಪಿನದ್ದೇ ದೋಷವಾ?

ಗಂಗೊಳ್ಳಿ ವೈರ್

ದೋಷ ಅಲ್ಲ. ಅಷ್ಟು ನೀರಿಗೆ ಈ ಪಂಪ್ ಗಾಳಿ ಎಳೆಯಲು ಶುರು ಮಾಡುತ್ತದೆ, ಜೊತೆಗೆ ಪೈಪಿನಲ್ಲಿದ್ದದ್ದೂ ವಾಪಸ್ ಬರುತ್ತದೆ. ಅದಕ್ಕೆ ಒಂದು ದೊಡ್ಡ ಸ್ಪಂಜು ತಗೊಳ್ಳಿ, ಕಾರು ತೊಳೆಯುವಂಥದ್ದು.