ಬಾಗಿಲಿಗೆ ಬೀಗ ಹಾಕಿರಲಿಲ್ಲ, ಆದರೂ ಅಕ್ರಮ ಬಂಧನವೇ?

ಪ್ರಶ್ನೆ: ನಮಸ್ಕಾರ ಮೇಡಂ. ಕೆಲಸ ಬಿಡುತ್ತೇನೆ ಎಂದಿದ್ದಕ್ಕೆ ಮ್ಯಾನೇಜರ್ ನನ್ನನ್ನು ಒಂದು ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು. "ಈ ಪತ್ರಕ್ಕೆ ಸಹಿ ಹಾಕೋವರೆಗೂ ಹೊರಗೆ ಬಿಡಲ್ಲ" ಎಂದರು. ಬೀಗ ಹಾಕಿರಲಿಲ್ಲ, ಯಾರೂ ಮೈ ಮುಟ್ಟಲಿಲ್ಲ. ಆದರೆ ಇಬ್ಬರು ಬಾಗಿಲಿಗೆ ಅಡ್ಡ ನಿಂತಿದ್ದರು. ಹೆದರಿ ಸಹಿ ಹಾಕಿದೆ. ಇದು ಅಪರಾಧವಾ, ಇಲ್ಲ ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?

ವಕೀಲೆ: ಇಲ್ಲಪ್ಪ, ನೀವು ಜಾಸ್ತಿ ಯೋಚಿಸುತ್ತಿಲ್ಲ. ಬೀಗ, ಹಗ್ಗ, ಏಟು ಯಾವುದೂ ಬೇಕಿಲ್ಲ. ನಿಮಗೆ ಹೋಗುವ ಹಕ್ಕಿರುವ ಕಡೆಗೆ ಹೋಗದಂತೆ ಯಾರಾದರೂ ಬೇಕೆಂದೇ ಅಡ್ಡಗಟ್ಟಿದರೆ ಅದು ಅಕ್ರಮ ತಡೆ. ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಬದಲಿಗೆ ಬಂದ ಹೊಸ ಅಪರಾಧ ಕಾನೂನು) 126ನೇ ಕಲಂ. ಯಾವ ಕಡೆಗೂ ಹೋಗಲಾಗದಂತೆ ಒಂದು ಜಾಗದೊಳಗೇ ಇರಿಸಿದರೆ ಅಕ್ರಮ ಬಂಧನ, 127ನೇ ಕಲಂ. ಕಟ್ಟಡದ ಬಾಗಿಲುಗಳಲ್ಲಿ ಬಂದೂಕು ಹಿಡಿದವರನ್ನು ನಿಲ್ಲಿಸಿ, "ಹೊರಗೆ ಬಂದರೆ ಗುಂಡು" ಎಂದರೆ ಅದೂ ಬಂಧನವೇ. ಈ ಉದಾಹರಣೆ ಕಾನೂನಿನಲ್ಲೇ ಇದೆ. ಅಲ್ಲಿ ಬೀಗದ ಮಾತೇ ಇಲ್ಲ ನೋಡಿ. ನಿಮ್ಮದು 127ಕ್ಕೆ ಬರುತ್ತದೆ ಎಂದೇ ನನ್ನ ಅಭಿಪ್ರಾಯ. ಒಂದು ಮಾತು ಹೇಳಿ: "ನಾನು ಹೋಗಬೇಕು" ಎಂದು ಬಾಯಿಬಿಟ್ಟು ಹೇಳಿದ್ರಾ?

ಪ್ರಶ್ನೆ ಕೇಳಿದವರು: ಎರಡು ಸಲ ಹೇಳಿದೆ ಮೇಡಂ. ಮನೆಯವರಿಗೆ ಮೆಸೇಜ್ ಕೂಡ ಹಾಕಿದ್ದೆ. ಎರಡೇ ಗಂಟೆ ಅಲ್ವಾ ಎಂದು ಸುಮ್ಮನಾದೆ.

ವಕೀಲೆ: ಆ ಮೆಸೇಜ್ ಅಳಿಸಬೇಡಿ, ಅದು ಒಳ್ಳೆಯ ಸಾಕ್ಷಿ. ಅಪರಾಧ ಆಗಲು ಇಷ್ಟೇ ಹೊತ್ತು ಎಂಬ ಲೆಕ್ಕ ಇಲ್ಲ. ಹೊತ್ತು ಹೆಚ್ಚಾದಷ್ಟೂ ಶಿಕ್ಷೆ ಹೆಚ್ಚುತ್ತದೆ, ಅಷ್ಟೇ. ಸಾಮಾನ್ಯವಾಗಿ 1 ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 3 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ 3 ವರ್ಷದವರೆಗೆ, 10 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ 5 ವರ್ಷದವರೆಗೆ ಜೈಲು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು, ಕೋರ್ಟ್ ಅನುಮತಿ ಬೇಕಿಲ್ಲ. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಐಪಿಸಿ ಕಲಂಗಳೇ ಅನ್ವಯ. ಸಹಿಯ ಚಿಂತೆಯೂ ಬೇಡ. ಒತ್ತಾಯದಿಂದ ಮಾಡಿಸಿಕೊಂಡ ಒಪ್ಪಂದವನ್ನು ರದ್ದು ಮಾಡಿಸುವ ಹಕ್ಕು 1872ರ ಕರಾರು ಕಾಯ್ದೆಯಲ್ಲಿದೆ. ತಡ ಮಾಡದೆ ಲಿಖಿತವಾಗಿ ಆಕ್ಷೇಪ ಕಳಿಸಿ.

ಮತ್ತೊಬ್ಬ ಸದಸ್ಯರು: ಮೇಡಂ, ನಮ್ಮ ಹೊಲಕ್ಕೆ ಹೋಗುವ ದಾರಿಗೆ ಪಕ್ಕದವರು ಬೇಲಿ ಹಾಕಿದ್ದಾರೆ. ಅದೂ ಇದೇ ಕೇಸಾ?

ವಕೀಲೆ: ಅಲ್ಲಿ ಸ್ವಲ್ಪ ತಡೆಯಿರಿ. ಖಾಸಗಿ ದಾರಿಯನ್ನು ಮುಚ್ಚುವ ಹಕ್ಕು ತನಗಿದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರೆ ಅದು ಅಪರಾಧವಲ್ಲ. 126ರಲ್ಲೇ ಈ ವಿನಾಯಿತಿ ಇದೆ. ದಾರಿಯ ಹಕ್ಕು ಯಾರದು ಎಂಬುದನ್ನು ಸಿವಿಲ್ ಕೋರ್ಟ್‌ನಲ್ಲಿ ತೀರ್ಮಾನಿಸಿಕೊಳ್ಳಬೇಕು. ನಿಮ್ಮ ಜಮೀನಿನ ಪತ್ರಗಳಲ್ಲಿ ಆ ದಾರಿಯ ಬಗ್ಗೆ ಏನು ಬರೆದಿದೆ, ಮೊದಲು ಅದನ್ನು ನೋಡಿ ಹೇಳಿ.